ಮನೋವಿಜ್ಞಾನದ ಸೆಮಿಸ್ಟರ್ ಪರೀಕ್ಷೆಗೆ ಓದುವ ದಾರಿಗಳು: ಯಾವುದನ್ನು, ಯಾವಾಗ ಆಯ್ದುಕೊಳ್ಳಬೇಕು

ಕಳೆದ ಸೆಮಿಸ್ಟರಿನ ಕೊನೆಯಲ್ಲಿ, ಇಂಡಿ ಕಡೆಯಿಂದ ದಿನಾಲೂ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಹೋಗುವ ಬಿ.ಎ. ವಿದ್ಯಾರ್ಥಿನಿಯೊಬ್ಬಳು ತನ್ನ ಮನೋವಿಜ್ಞಾನದ ನೋಟ್ಸನ್ನು ತಂದು ನನ್ನ ಮುಂದೆ ಇಟ್ಟಳು. ಕಲಿಕೆಯ ಅಧ್ಯಾಯದ ಹನ್ನೊಂದು ಪುಟಗಳಲ್ಲಿ ಹಳದಿ ಬಣ್ಣ ತಾಗದ ಸಾಲು ಹುಡುಕಿದರೂ ಸಿಗುವಂತಿರಲಿಲ್ಲ. “ನಾಕ್ ಸಲ ಓದೇನ್ರಿ ಸರ, ಓದೂಮುಂದ ಎಲ್ಲಾ ತಿಳೀತದ. ಹಾಳಿ ಮುಂದ ಕುಂತ್ರ ಒಂದೂ ನೆನಪಾಗೂದಿಲ್ರಿ” ಎಂದಳು. ನಾನು ನೋಟ್ಸ್ ಮುಚ್ಚಿ, ಒಂದು ಖಾಲಿ ಹಾಳೆ ಕೊಟ್ಟು, ಋಣಾತ್ಮಕ ಪುನರ್ಬಲನ ಎಂದರೇನೆಂದು ಐದು ಸಾಲು ಬರೆಯಲು ಹೇಳಿದೆ. ಅವಳು ಬರೆದದ್ದು ದಂಡನೆಯ ವಿವರಣೆ. ಇವೆರಡೂ ಬೇರೆ ಬೇರೆ ಎಂದು ತಿಳಿಸುವ ಸಾಲು ಅವಳ ನೋಟ್ಸಿನಲ್ಲಿಯೇ ಇತ್ತು. ಅದರ ಮೇಲೂ ಹಳದಿ ಬಣ್ಣ ಬಿದ್ದಿತ್ತು.

ಆಕೆಯ ಶ್ರಮದಲ್ಲಿ ಕೊರತೆ ಇರಲಿಲ್ಲ, ಆಯ್ದುಕೊಂಡ ದಾರಿಯಲ್ಲಿ ಇತ್ತು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜಾಗಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಾಲೇಜಾಗಲಿ, ನಮ್ಮ ಭಾಗದಲ್ಲಿ ಈ ವಿಷಯವನ್ನು ತೆಗೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯಿಂದ ಬಂದ ರೂಢಿಯಲ್ಲಿಯೇ ಪದವಿಯಲ್ಲೂ ಓದುತ್ತಾರೆ. ಆದರೆ ಮನೋವಿಜ್ಞಾನದ ವಿದ್ಯಾರ್ಥಿಗೆ ಉಳಿದವರಿಗಿಲ್ಲದ ಒಂದು ಅನುಕೂಲವಿದೆ. ಹೇಗೆ ಓದಿದರೆ ನೆನಪುಳಿಯುತ್ತದೆ ಎಂಬುದು ಆತನ ಪಠ್ಯಕ್ರಮದಲ್ಲಿಯೇ ಒಂದು ಅಧ್ಯಾಯವಾಗಿ ಕುಳಿತಿದೆ. ಸ್ಮೃತಿ ಮತ್ತು ವಿಸ್ಮೃತಿಯ ಆ ಅಧ್ಯಾಯವನ್ನು ಹತ್ತು ಅಂಕಕ್ಕಾಗಿ ಮಾತ್ರ ಓದಿ, ಅದು ಹೇಳುವುದಕ್ಕೆ ವಿರುದ್ಧವಾಗಿ ಇಡೀ ಪಠ್ಯವನ್ನು ಓದುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮತ್ತೆ ಮತ್ತೆ ಓದುವುದೋ, ಮುಚ್ಚಿಟ್ಟು ಬರೆಯುವುದೋ

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ ಆದ್ದರಿಂದ ಇದನ್ನು ಮೊದಲು ವಿವರವಾಗಿ ನೋಡೋಣ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಡಲಾಯಿತು. ಒಂದು ಭಾಗವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಅದನ್ನು ಮುಚ್ಚಿ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ಶೇ. 81ರಷ್ಟು, ಒಮ್ಮೆ ಓದಿ ಬರೆದದ್ದರಲ್ಲಿ ಶೇ. 75ರಷ್ಟು ನೆನಪಿತ್ತು. ಒಂದು ವಾರದ ನಂತರ ಇದು ತಿರುವುಮುರುವಾಯಿತು: ಎರಡು ಸಲ ಓದಿದ್ದರಲ್ಲಿ ಶೇ. 42 ಉಳಿದಿತ್ತು, ಮುಚ್ಚಿಟ್ಟು ಬರೆದದ್ದರಲ್ಲಿ ಶೇ. 56 ಉಳಿದಿತ್ತು.

ಈ ಅಂಕಿಗಳಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಐದು ನಿಮಿಷದ ಫಲಿತಾಂಶವನ್ನು. ಮರು ಓದು ಆ ಕ್ಷಣಕ್ಕೆ ನಿಜವಾಗಿಯೂ ಗೆಲ್ಲುತ್ತದೆ. ಓದಿ ಎದ್ದವನಿಗೆ “ಎಲ್ಲಾ ಬರ್ತದ” ಎನ್ನಿಸುವುದು ಸುಳ್ಳಲ್ಲ. ಆದರೆ ಪರೀಕ್ಷೆ ಇರುವುದು ಐದು ನಿಮಿಷದ ನಂತರವಲ್ಲ. ಸಾಲು ಕಣ್ಣಿಗೆ ಪರಿಚಿತವಾಗಿದೆ ಎಂಬ ಭಾವನೆಯನ್ನು ನಾವು ತಿಳಿವಳಿಕೆ ಎಂದು ಎಣಿಸುತ್ತೇವೆ. ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಗುರುತಿಸುವಿಕೆ ಬೇರೆ, ಸ್ಮರಣೆ ಬೇರೆ. ದೀರ್ಘ ಉತ್ತರದ ಪ್ರಶ್ನೆಪತ್ರಿಕೆ ಕೇಳುವುದು ಎರಡನೆಯದನ್ನು. ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಅಧ್ಯಯನ ವಿಧಾನಗಳನ್ನು ಪರಿಶೀಲಿಸಿ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರವಿಟ್ಟು ಓದುವುದು ಇವೆರಡನ್ನು ಮಾತ್ರ ಹೆಚ್ಚಿನ ಉಪಯೋಗದವು ಎಂದು ಗುರುತಿಸಿದರು. ಗೆರೆ ಎಳೆಯುವುದು ಮತ್ತು ಮರಳಿ ಓದುವುದು ಕಡಿಮೆ ಉಪಯೋಗದವುಗಳ ಸಾಲಿಗೆ ಸೇರಿದವು.

ಹಾಗೆಂದು ಮರು ಓದನ್ನು ಪೂರ್ತಿ ಬಿಡಬೇಕಾಗಿಲ್ಲ. ನರಕೋಶದ ರಚನೆ, ಮೆದುಳಿನ ಭಾಗಗಳು, ಸಂಖ್ಯಾಶಾಸ್ತ್ರದ ಲೆಕ್ಕಗಳು ಇಂತಹ ಕಡೆ ಮೊದಲ ಓದಿನಲ್ಲಿ ಅರ್ಥವೇ ಆಗದಿದ್ದರೆ, ತಲೆಯಲ್ಲಿ ಇಲ್ಲದ್ದನ್ನು ಹಾಳೆಗೆ ತರಲು ಹೊರಡುವುದು ವ್ಯರ್ಥ. ಅಂತಹ ಪಾಠವನ್ನು ಎರಡು ಸಲ, ಬೇಕಾದರೆ ಮೂರು ಸಲ ನಿಧಾನವಾಗಿ ಓದಬೇಕು. ಅರ್ಥವಾಯಿತು ಎನ್ನಿಸಿದ ಮೇಲೆ ಪುಸ್ತಕ ಮುಚ್ಚಬೇಕು.

ನಾನು ಮಕ್ಕಳಿಗೆ ಹೇಳುವ ಕ್ರಮ ಸರಳವಾದದ್ದು. ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ದೀರ್ಘ ಪ್ರಶ್ನೆಯನ್ನು ತೆಗೆದುಕೊಂಡು, ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು, ನೀಲಿ ಪೆನ್ನಿನಲ್ಲಿ ನೆನಪಿದ್ದಷ್ಟನ್ನು ಬರೆಯಬೇಕು. ಸಿಕ್ಕಿಕೊಂಡಾಗ ತಕ್ಷಣ ಪುಸ್ತಕ ತೆರೆಯದೆ, ಎರಡು ನಿಮಿಷ ನೆನಪಿನೊಂದಿಗೆ ಗುದ್ದಾಡಬೇಕು; ಆ ಗುದ್ದಾಟದಲ್ಲಿಯೇ ಕಲಿಕೆ ಆಗುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಪೆನ್ನಿನಲ್ಲಿ ಅದೇ ಹಾಳೆಯ ಮೇಲೆ ಸೇರಿಸಬೇಕು. ನಾಳೆ ಓದಬೇಕಾದದ್ದು ಕೆಂಪು ಅಕ್ಷರವನ್ನು ಮಾತ್ರ. ನೋಟ್ಸ್ ತಂದ ಆ ವಿದ್ಯಾರ್ಥಿನಿಯ ಮೊದಲ ಹಾಳೆಯಲ್ಲಿ ನೀಲಿ ಆರು ಸಾಲಿತ್ತು, ಕೆಂಪು ಇಪ್ಪತ್ತರ ಮೇಲಿತ್ತು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂದವು. ಮೂರನೆಯ ಸಲ ಅದೇ ಪ್ರಶ್ನೆಗೆ ಕೆಂಪು ನಾಲ್ಕು ಸಾಲಿಗೆ ಇಳಿದಿತ್ತು.

ಬಹು ಆಯ್ಕೆಯ ಪ್ರಶ್ನೆಗಳಿಗೆ ಮಾತ್ರ ಸಿದ್ಧರಾಗುವವರು ಈ ಶ್ರಮ ಏಕೆ ಎಂದು ಕೇಳುತ್ತಾರೆ. ಮುಂದೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್ ಬರೆಯುವವರಿಗೆ ಎರಡನೆಯ ಪತ್ರಿಕೆಯಲ್ಲಿ ನೂರು ಪ್ರಶ್ನೆಗಳೂ ವಸ್ತುನಿಷ್ಠವೇ. ಆದರೂ ಬರೆದು ನೆನಪಿಸಿಕೊಂಡವನು ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸಬಲ್ಲ. ಗುರುತಿಸಿ ಗುರುತಿಸಿ ರೂಢಿಯಾದವನಿಗೆ ಎರಡು ಪುಟ ಬರೆಯುವ ಪ್ರಶ್ನೆ ಬಂದರೆ ಕೈ ನಡೆಯುವುದಿಲ್ಲ. ಎರಡಕ್ಕೂ ಒದಗುವ ದಾರಿಯನ್ನು ಹಿಡಿಯುವುದೇ ಮೇಲು.

ಕನ್ನಡದಲ್ಲಿ ಬರೆಯುವುದೋ, ಇಂಗ್ಲಿಷಿನಲ್ಲಿ ಬರೆಯುವುದೋ

ನಮ್ಮ ಭಾಗದ ವಿದ್ಯಾರ್ಥಿಗೆ ಇದು ಅತಿ ಕಠಿಣವಾದ ಆಯ್ಕೆ. ಇದರಲ್ಲಿ ಗೊಂದಲವಾಗುವುದಕ್ಕೆ ವಿದ್ಯಾರ್ಥಿಯಷ್ಟೇ ಪುಸ್ತಕಗಳೂ ಕಾರಣ. ಒಂದು ಕನ್ನಡ ಪುಸ್ತಕ ‘ಶಾಸ್ತ್ರೀಯ ಅನುಬಂಧನ’ ಎನ್ನುತ್ತದೆ, ಇನ್ನೊಂದು ‘ಅಭಿಜಾತ ಅನುಬಂಧನ’ ಎನ್ನುತ್ತದೆ. ಎರಡೂ ಪಾವ್ಲೋವ್ ನಾಯಿಯ ಜೊಲ್ಲಿನ ಪ್ರಯೋಗದಿಂದ ವಿವರಿಸಿದ ಒಂದೇ ಕಲಿಕೆ. ಒಂದರಲ್ಲಿ ‘ಗ್ರಹಿಕೆ’ ಎಂದಿದ್ದರೆ ಮತ್ತೊಂದರಲ್ಲಿ ‘ಪ್ರತ್ಯಕ್ಷಾನುಭವ’ ಎಂದಿರುತ್ತದೆ. ವಿಷಯದ ಹೆಸರೇ ಒಂದೆಡೆ ಮನೋವಿಜ್ಞಾನ, ಒಂದೆಡೆ ಮನಃಶಾಸ್ತ್ರ. ಒಂದು ಗೈಡಿನಿಂದ ಅರ್ಧ, ಇನ್ನೊಂದರಿಂದ ಅರ್ಧ ಓದಿದವನು ಒಂದೇ ಪರಿಕಲ್ಪನೆಯನ್ನು ಎರಡೆಂದು ತಿಳಿದು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡಿದ್ದನ್ನು ನಾನು ಕಂಡಿದ್ದೇನೆ.

ಕನ್ನಡದಲ್ಲಿ ಬರೆಯುವುದರ ಲಾಭ ದೊಡ್ಡದು. ವಿಚಾರ ಮಾಡುವ ಭಾಷೆಯಲ್ಲಿಯೇ ಬರೆದಾಗ ವಿವರಣೆ ತಾನಾಗಿ ಬೆಳೆಯುತ್ತದೆ, ಉದಾಹರಣೆ ಸಹಜವಾಗಿ ಒದಗುತ್ತದೆ. ಈ ವಿಷಯ ಕನ್ನಡನಾಡಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನೋವಿಜ್ಞಾನ ವಿಭಾಗ ಆರಂಭವಾಯಿತು, ಅಲ್ಲಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಿದರು. ನೂರು ವರ್ಷ ದಾಟಿದ ವಿಷಯವನ್ನು ಕನ್ನಡದಲ್ಲಿ ಬರೆಯಲು ಯಾರೂ ಹಿಂಜರಿಯಬೇಕಾಗಿಲ್ಲ. ಆದರೆ ಉನ್ನತ ವ್ಯಾಸಂಗದ ಪುಸ್ತಕಗಳೂ ಸಂಶೋಧನೆಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ, ಯುಜಿಸಿ-ನೆಟ್‌ನಂತಹ ಪರೀಕ್ಷೆಯಲ್ಲಿ ಈ ವಿಷಯದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ಪದವಿಯ ನಂತರ ಈ ವಿಷಯವನ್ನು ಮುಂದುವರಿಸದೆ ಬಿ.ಇಡಿ. ಅಥವಾ ಬೇರೆ ನೌಕರಿಯ ಕಡೆ ಹೋಗುವವರು, ತಮ್ಮ ವಿಶ್ವವಿದ್ಯಾಲಯದಲ್ಲಿ ಅವಕಾಶವಿದ್ದರೆ, ಧೈರ್ಯವಾಗಿ ಕನ್ನಡದಲ್ಲಿಯೇ ಬರೆಯಲಿ ಎಂಬುದು ನನ್ನ ಅಭಿಪ್ರಾಯ. ಎಂ.ಎ., ಆಪ್ತಸಮಾಲೋಚನೆ, ಚಿಕಿತ್ಸಾ ಮನೋವಿಜ್ಞಾನದ ಕನಸಿರುವವರು ಮೊದಲ ಸೆಮಿಸ್ಟರಿನಿಂದಲೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಯಬೇಕು. ಅದಕ್ಕೆ ಒಂದು ನೂರು ಪುಟದ ಬುಕ್ಕಿನಲ್ಲಿ ಮೂರು ಕಾಲಮ್ ಹಾಕಿ, ಮೊದಲನೆಯದರಲ್ಲಿ ಇಂಗ್ಲಿಷ್ ಪದವನ್ನೂ ಎರಡನೆಯದರಲ್ಲಿ ತಮ್ಮ ಪಠ್ಯದ ಕನ್ನಡ ಪದವನ್ನೂ ಮೂರನೆಯದರಲ್ಲಿ ಬೇರೆ ಪುಸ್ತಕಗಳಲ್ಲಿ ಸಿಕ್ಕ ಪರ್ಯಾಯ ಪದವನ್ನೂ ಬರೆದಿಟ್ಟುಕೊಳ್ಳಬೇಕು. ಉತ್ತರಪತ್ರಿಕೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಪದವನ್ನು ಬಳಸಬೇಕು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ಮಾಧ್ಯಮ ಬದಲಿಸುವುದನ್ನು ಮಾತ್ರ ಯಾರೂ ಮಾಡಬಾರದು. ಆಗ ವಿಷಯವನ್ನು ನೆನಪಿಸಿಕೊಳ್ಳುವ ಹೊತ್ತೆಲ್ಲ ವಾಕ್ಯ ಕಟ್ಟುವುದರಲ್ಲಿಯೇ ಹೋಗುತ್ತದೆ.

ಗೈಡ್ ಮತ್ತು ಪಠ್ಯಪುಸ್ತಕಗಳ ನಡುವಿನ ಆಯ್ಕೆಯನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ಯಾವ ಘಟಕದಿಂದ ಯಾವ ರೀತಿಯ ಪ್ರಶ್ನೆ ಬರುತ್ತದೆ ಎಂಬುದನ್ನು ತಿಳಿಯಲು ಗೈಡ್ ಸಾಕು, ಆದರೆ ಅದರ ಉತ್ತರದಲ್ಲಿ ಪ್ರಯೋಗದ ಫಲಿತಾಂಶ ಇರುತ್ತದೆಯೇ ಹೊರತು ಪ್ರಯೋಗ ಏಕೆ ಹಾಗೆ ಮಾಡಿದರು ಎಂಬುದು ಇರುವುದಿಲ್ಲ. ದಪ್ಪ ಇಂಗ್ಲಿಷ್ ಪಠ್ಯ ಕೈಗೆಟುಕದಿದ್ದರೆ, ಎನ್‌ಸಿಇಆರ್‌ಟಿ 11 ಮತ್ತು 12ನೆಯ ತರಗತಿಗೆ ಪ್ರಕಟಿಸಿದ ಮನೋವಿಜ್ಞಾನದ ಪಠ್ಯಗಳು ಅದರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಸರಳವಾಗಿದೆ, ಕಲಿಕೆ ಮತ್ತು ಸ್ಮೃತಿಯ ಅಧ್ಯಾಯಗಳು ಪದವಿಯ ಮೊದಲ ವರ್ಷಕ್ಕೆ ಬುನಾದಿಯಾಗುವಷ್ಟು ಚೆನ್ನಾಗಿವೆ.

ಪುಸ್ತಕದ ಉದಾಹರಣೆಯೋ, ನಮ್ಮ ಹೊಲದ ಉದಾಹರಣೆಯೋ

ಋಣಾತ್ಮಕ ಪುನರ್ಬಲನಕ್ಕೆ ದಂಡನೆ ಎಂದು ಬರೆದ ಆ ಹುಡುಗಿಗೆ ನಾನು ಕೇಳಿದ್ದು, “ನಿಮ್ಮ ಹೊಲದಾಗ ಜ್ವಾಳ ಹಾಲಗಾಳಿಗೆ ಬಂದಾಗ ಹಕ್ಕಿ ಯಾರು ಕಾಯ್ತಾರವ್ವಾ?” ಎಂದು. ಅಜ್ಜ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುತ್ತಾನೆಂದಳು. ಕವಣೆ ಬೀಸಿದೊಡನೆ ಗುಂಪಾಗಿ ಕುಳಿತ ಹಕ್ಕಿಗಳ ಕಾಟ ತಪ್ಪುತ್ತದೆ. ಬೇಡದ್ದೊಂದು ತೊಲಗಿದ್ದರಿಂದ ಅಜ್ಜ ಮರುದಿನವೂ ಕವಣೆ ಬೀಸುತ್ತಾನೆ. ಬೇಡದ್ದನ್ನು ತೆಗೆದುಹಾಕುವುದರಿಂದ ವರ್ತನೆ ಹೆಚ್ಚುವುದಕ್ಕೆ ಋಣಾತ್ಮಕ ಪುನರ್ಬಲನ ಎಂದು ಹೆಸರು. ಅದೇ ಕಲ್ಲನ್ನು ಹಕ್ಕಿಯ ಕಡೆಯಿಂದ ನೋಡಿದರೆ, ತೆನೆಯ ಮೇಲೆ ಕುಳಿತೊಡನೆ ಬೇಡದ್ದು ಬಂದು ಬೀಳುತ್ತದೆ, ಆದ್ದರಿಂದ ಕುಳಿತುಕೊಳ್ಳುವ ವರ್ತನೆ ಕಡಿಮೆಯಾಗುತ್ತದೆ. ಅದಕ್ಕೆ ದಂಡನೆ ಎಂದು ಹೆಸರು. ಒಂದೇ ಕಲ್ಲು ಬೀಸುವವನಿಗೆ ಪುನರ್ಬಲನ, ಹಕ್ಕಿಗೆ ದಂಡನೆ. ಇದನ್ನು ಒಮ್ಮೆ ಕಂಡವರು ಆ ಎರಡನ್ನು ಮತ್ತೆ ಕಲಸುವುದಿಲ್ಲ.

ಪುನರ್ಬಲನದ ಅನುಸೂಚಿಗಳೂ, ಅಂದರೆ ಪ್ರತಿಫಲ ಯಾವಾಗ ಸಿಗುತ್ತದೆ ಎಂಬ ಕ್ರಮಗಳೂ, ಹೀಗೆಯೇ. ಟನ್ನಿಗೆ ಇಷ್ಟೆಂದು ಕೂಲಿ ಪಡೆಯುವ ಕಬ್ಬು ಕಡಿಯುವ ತಂಡದ ವೇಗವನ್ನೂ, ತಿಂಗಳಿಗೊಮ್ಮೆ ಸಂಬಳ ಪಡೆಯುವವನ ಕೆಲಸದ ಲಯವನ್ನೂ ಬಲ್ಲವರಿಗೆ ನಿಶ್ಚಿತ ಅನುಪಾತ ಮತ್ತು ನಿಶ್ಚಿತ ಅಂತರದ ವ್ಯತ್ಯಾಸ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಅಂಕ ಕೊಡುವವರು ಪುನರ್ಬಲನವನ್ನು ವಿವರಿಸಿದ ಮನೋವಿಜ್ಞಾನಿ ಸ್ಕಿನ್ನರ್ ಹೆಸರನ್ನೂ, ಸನ್ನೆಕೋಲು ಒತ್ತಿ ಆಹಾರ ಪಡೆಯುವ ಇಲಿಯ ಪೆಟ್ಟಿಗೆಯನ್ನೂ ಹುಡುಕುತ್ತಾರೆ. ಮೊದಲು ವ್ಯಾಖ್ಯೆ ಮತ್ತು ಮೂಲ ಪ್ರಯೋಗ, ನಂತರ ನಮ್ಮ ಹೊಲದ ಉದಾಹರಣೆ, ಈ ಕ್ರಮವನ್ನು ತಪ್ಪಿಸಬಾರದು.

ಪಟ್ಟಿಗಳನ್ನು ನೆನಪಿಡುವುದು ಹೇಗೆ

ಮನುಷ್ಯನ ಬೆಳವಣಿಗೆಗೆ ಫ್ರಾಯ್ಡ್ ಹೇಳಿದ ಐದು ಹಂತ, ಪಿಯಾಜೆಯ ನಾಲ್ಕು, ಎರಿಕ್‌ಸನ್ನನ ಎಂಟು, ಮ್ಯಾಸ್ಲೊ 1943ರಲ್ಲಿ ಹೇಳಿದ ಅಗತ್ಯಗಳ ಐದು ಮೆಟ್ಟಿಲು, ಇವುಗಳ ಅನುಕ್ರಮವನ್ನು ನೆನಪಿಡಲು ಹೆಚ್ಚಿನವರು ಮೊದಲಕ್ಷರಗಳನ್ನು ಸೇರಿಸಿ ಒಂದು ಪದ ಮಾಡಿಕೊಳ್ಳುತ್ತಾರೆ. ಅದು ಬೇಗ ಆಗುತ್ತದೆ, ಆದರೆ ಅರ್ಥವಿಲ್ಲದ ಪದವಾದ್ದರಿಂದ ಪರೀಕ್ಷೆಯ ಗಾಬರಿಯಲ್ಲಿ ಪದವೇ ಮರೆತುಹೋಗುತ್ತದೆ. ಅದಕ್ಕಿಂತ ಸ್ಥಳಗಳ ವಿಧಾನವನ್ನು, ಅಂದರೆ ಪರಿಚಿತ ದಾರಿಯ ಒಂದೊಂದು ಜಾಗದಲ್ಲಿ ಒಂದೊಂದು ಅಂಶವನ್ನು ಕಲ್ಪಿಸಿಕೊಂಡು ಇಡುವುದನ್ನು, ನಾನು ಮೇಲಿಡುತ್ತೇನೆ, ಏಕೆಂದರೆ ವಿಜಯಪುರದವರಿಗೆ ಅದಕ್ಕೆ ಬೇಕಾದ ದಾರಿ ಕಾಲಿಗೇ ರೂಢಿಯಾಗಿದೆ. ಗೋಳಗುಮ್ಮಟದಿಂದ ಪಶ್ಚಿಮಕ್ಕೆ ಹೊರಡಿ. ಗುಮ್ಮಟದ ಮುಂದಿನ ಹುಲ್ಲಿನ ಮೇಲೆ ಒಂದು ಕುಟುಂಬ ರೊಟ್ಟಿಗಂಟು ಬಿಚ್ಚಿದೆ: ಶಾರೀರಿಕ ಅಗತ್ಯಗಳು. ಬಾರಾ ಕಮಾನಿಗೆ ಬಂದಾಗ ಮಳೆ ಶುರುವಾಗಿದೆ, ಮೇಲೆ ಚಾವಣಿ ಇಲ್ಲ: ಸುರಕ್ಷತೆಯ ಅಗತ್ಯ. ಗಾಂಧಿ ಚೌಕದಲ್ಲಿ ಗೆಳೆಯರೆಲ್ಲ ಚಹಾ ಹಿಡಿದು ಕರೆಯುತ್ತಿದ್ದಾರೆ: ಪ್ರೀತಿ ಮತ್ತು ಸೇರಿಕೆಯ ಅಗತ್ಯ. ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಿ: ಗೌರವದ ಅಗತ್ಯ. ಇಬ್ರಾಹಿಂ ರೋಜಾದ ಜಗುಲಿಯ ಮೇಲೆ ಒಬ್ಬರೇ ನಿಶ್ಶಬ್ದವಾಗಿ ಕುಳಿತಿದ್ದೀರಿ: ಆತ್ಮಸಾಕ್ಷಾತ್ಕಾರ. ಎರಡು ಸಲ ಕಣ್ಣು ಮುಚ್ಚಿ ನಡೆದರೆ ಅನುಕ್ರಮ ತಪ್ಪುವುದಿಲ್ಲ. ಬಾಗಲಕೋಟೆಯವರೂ ಬೆಳಗಾವಿಯವರೂ ತಮ್ಮ ತಮ್ಮ ರಸ್ತೆಯನ್ನು ಹೀಗೆ ಬಳಸಿಕೊಳ್ಳಬಹುದು.

ಇದರಿಂದ ಹೆಸರುಗಳೂ ಕ್ರಮವೂ ಮಾತ್ರ ದೊರೆಯುತ್ತವೆ. ಗೌರವದ ಅಗತ್ಯವೆಂದರೇನು, ಮ್ಯಾಸ್ಲೊ ಮೇಲಿನ ಆಕ್ಷೇಪಗಳೇನು ಎಂಬುದಕ್ಕೆ ಮತ್ತೆ ನೀಲಿ-ಕೆಂಪು ಪೆನ್ನುಗಳಿಗೇ ಮರಳಬೇಕು. ಫ್ರಾಯ್ಡ್, ಪಿಯಾಜೆ, ಎರಿಕ್‌ಸನ್ ಮೂವರನ್ನೂ ಒಂದೇ ದಿನ ಹೊಸದಾಗಿ ಓದಲು ಹೋಗಬೇಡಿ; ಒಂದನ್ನೊಂದು ಹೋಲುವ ವಿಷಯಗಳು ಪರಸ್ಪರ ಅಡ್ಡಿಯಾಗುತ್ತವೆ ಎಂಬುದು ವಿಸ್ಮೃತಿಯ ಅಧ್ಯಾಯದಲ್ಲಿಯೇ ಇದೆ. ಒಬ್ಬೊಬ್ಬರು ಗಟ್ಟಿಯಾದ ಮೇಲೆ ಮೂವರನ್ನೂ ವಯಸ್ಸಿನ ಪ್ರಕಾರ ಒಂದೇ ಕೋಷ್ಟಕದಲ್ಲಿ ಎದುರುಬದುರು ಇಡುವುದು ಬಹಳ ಫಲ ಕೊಡುತ್ತದೆ.

ಕೊನೆಯ ವಾರವೋ, ಮೊದಲಿನಿಂದಲೋ

ಹರ್ಮನ್ ಎಬ್ಬಿಂಗ್‌ಹೌಸ್ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಪದಾಂಶಗಳನ್ನು ಕಲಿತು, 1885ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯಲ್ಲಿಯೇ ಕರಗುತ್ತದೆ. ಅರ್ಥವಿರುವ ಪಾಠ ಅಷ್ಟು ಬೇಗ ಹೋಗುವುದಿಲ್ಲ, ಆದರೂ ಹೋಗುವ ರೀತಿ ಅದೇ. ಹಾಗಾದರೆ ಎಷ್ಟು ದಿನ ಬಿಟ್ಟು ಮರಳಿ ನೋಡಬೇಕು? ನಿಕೊಲಸ್ ಸೆಪೇಡ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ ಇದು ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ: ಪರೀಕ್ಷೆ ಒಂದು ವಾರದ ದೂರದಲ್ಲಿದ್ದರೆ ಸುಮಾರು ಒಂದು ದಿನದ ಅಂತರ, 35 ದಿನದ ದೂರದಲ್ಲಿದ್ದರೆ ಸುಮಾರು ಹನ್ನೊಂದು ದಿನದ ಅಂತರ ಅತಿ ಹೆಚ್ಚು ಫಲ ಕೊಟ್ಟಿತು. ತಿಂಗಳ ಮೊದಲೇ ಓದು ಹಿಡಿದವರು ಒಂದು ಘಟಕವನ್ನು ಬರೆದು ನೋಡಿದ ಮೇಲೆ ಹತ್ತು-ಹನ್ನೊಂದು ದಿನ ಅದನ್ನು ಮುಟ್ಟದೆ, ಬೇರೆ ಘಟಕಗಳನ್ನು ಮುಗಿಸಿ, ಅಷ್ಟರಲ್ಲಿ ಅರ್ಧ ಮರೆತಂತಾದಾಗ ಮತ್ತೆ ಬರೆಯಬೇಕು. ಆ ಮರೆವು ಕಂಡು ಗಾಬರಿಯಾಗಬೇಕಾಗಿಲ್ಲ.

ಕೇವಲ ಏಳು ದಿನ ಉಳಿದವರು ದಿನ ಬಿಟ್ಟು ದಿನ ಘಟಕಗಳನ್ನು ಹಂಚಿಕೊಳ್ಳಲಿ. ಹೊಲದ ಕೆಲಸ, ಮನೆಯ ಅಡಚಣೆಗಳಿಂದಾಗಿ ಒಂದೇ ರಾತ್ರಿ ಉಳಿದವರೂ ಇರುತ್ತಾರೆ. ಅಂಥವರು ಐದೂ ಘಟಕಗಳ ಮೇಲೆ ಕಣ್ಣಾಡಿಸುವುದಕ್ಕಿಂತ ಮೂರು ಘಟಕಗಳ ಮುಖ್ಯ ಪ್ರಶ್ನೆಗಳನ್ನು ಒಮ್ಮೆ ಓದಿ ಒಮ್ಮೆ ಬರೆಯುವುದು ಒಳ್ಳೆಯದು. ಪಾಸಾಗುವುದಕ್ಕೆ ಅದು ಸಾಕಾಗಬಹುದು, ಆದರೆ ಮುಂದಿನ ಸೆಮಿಸ್ಟರ್ ಇದರ ಮೇಲೆಯೇ ನಿಲ್ಲುವುದರಿಂದ ರಜೆಯಲ್ಲಿ ಅದನ್ನು ಮತ್ತೊಮ್ಮೆ ಕಲಿಯಬೇಕಾಗುತ್ತದೆ.

ಗೆಳೆಯರೊಂದಿಗೆ ಓದುವುದು, ಮೊಬೈಲಿನಲ್ಲಿ ಪಾಠದ ವಿಡಿಯೊ ನೋಡುವುದು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕ ಮುಚ್ಚಿ ಒಬ್ಬರು ಹೇಳಿ, ತೆರೆದ ಪುಸ್ತಕದೊಂದಿಗೆ ಇನ್ನೊಬ್ಬರು ತಿದ್ದುವಂತಿದ್ದರೆ ಜೊತೆ ಓದು ಒಳ್ಳೆಯದು. ಮೆದುಳು, ನರಸಂದೇಶದಂತಹ ಕಣ್ಣಿಗೆ ಕಾಣಬೇಕಾದ ವಿಷಯಕ್ಕೆ ವಿಡಿಯೊ ಸಹಾಯಕ.

ಪ್ರಾಯೋಗಿಕ ಪರೀಕ್ಷೆಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ನಾನು ಪದವಿಯಲ್ಲಿದ್ದಾಗ ಮುಲ್ಲರ್-ಲಯರ್ ಭ್ರಮೆಯ (ಸಮ ಉದ್ದದ ಎರಡು ರೇಖೆಗಳು ತುದಿಯ ಬಾಣದ ಗುರುತುಗಳಿಂದಾಗಿ ಉದ್ದ-ಗಿಡ್ಡವಾಗಿ ಕಾಣುವುದು) ಪ್ರಯೋಗದ ದಾಖಲೆಯನ್ನು ಹಿರಿಯ ವಿದ್ಯಾರ್ಥಿಯೊಬ್ಬರ ರೆಕಾರ್ಡ್ ನೋಡಿ ಬರೆದಿದ್ದೆ. ಮೌಖಿಕ ಪರೀಕ್ಷೆಯಲ್ಲಿ, ಬಾಣದ ರೇಖೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಡುವುದೇಕೆ ಎಂದು ಕೇಳಿದರು. ಅಂಕಿಗಳೆಲ್ಲ ಬಾಯಲ್ಲಿದ್ದವು, ಅದಕ್ಕೆ ಮಾತ್ರ ಉತ್ತರವಿರಲಿಲ್ಲ. ಸ್ಥಾನದಿಂದ ಬರುವ ದೋಷವನ್ನು ಸರಿದೂಗಿಸಲು ಹಾಗೆ ಮಾಡುತ್ತಾರೆಂಬುದು, ಉಪಕರಣವನ್ನು ಕೈಯಲ್ಲಿ ಹಿಡಿದು ಇಪ್ಪತ್ತು ಸಲ ರೇಖೆ ಸರಿಸಿದವನಿಗೆ ತಾನಾಗಿ ಹೊಳೆಯುತ್ತದೆ. ನಕಲು ಮಾಡಿದ ರೆಕಾರ್ಡ್ ಸಮಯವನ್ನು ಉಳಿಸುತ್ತದೆ, ನಿಜ. ಆದರೆ ಸ್ವತಂತ್ರ ಚರಾಂಶ (ಪ್ರಯೋಗ ಮಾಡುವವನು ಬದಲಿಸುವುದು) ಯಾವುದು, ಅವಲಂಬಿತ ಚರಾಂಶ (ಅದರಿಂದ ಬದಲಾಗುವುದು) ಯಾವುದು ಎಂಬ ಮೊದಲ ಪ್ರಶ್ನೆಗೇ ಅದು ಕೈಬಿಡುತ್ತದೆ. ತಮ್ಮನನ್ನೋ ತಂಗಿಯನ್ನೋ ಪ್ರಯೋಗಕ್ಕೆ ಕೂರಿಸಿಕೊಂಡಾದರೂ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬಿಡಿಸುವ ಪ್ರಯೋಗವನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಕನ್ನಡಿ, ಹಾಳೆ, ಪೆನ್ಸಿಲ್, ಕೈಗೆ ಮರೆಯಾಗಿ ಒಂದು ರಟ್ಟು ಇದ್ದರೆ ಸಾಕು.

ಇನ್ನು ಪರೀಕ್ಷೆಯ ಹಿಂದಿನ ರಾತ್ರಿ. ಹಳ್ಳಿಗಳಿಂದ ಬರುವ ಮಕ್ಕಳು ಆ ದಿನ ಊರಿಗೆ ಹೋಗದೆ ಗೆಳೆಯರ ರೂಮಿನಲ್ಲಿ ಉಳಿದು, ಬೆಳಗಿನ ಮೂರರವರೆಗೆ ಎಚ್ಚರವಿದ್ದು ಓದುವುದುಂಟು. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ, ಕಲಿತ ಮೇಲೆ ಎಚ್ಚರವಿದ್ದ ಅವಧಿಗಿಂತ ನಿದ್ದೆ ಮಾಡಿದ ಅವಧಿಯಲ್ಲಿ ಮರೆವು ಕಡಿಮೆ ಎಂದು ಕಂಡರು. ಇದೂ ಅದೇ ಅಧ್ಯಾಯದಲ್ಲಿದೆ. ಸಂಜೆಯ ಬಸ್ಸಿಗೆ ಊರಿಗೆ ಹೋಗಿ, ಉಂಡು, ಕೆಂಪು ಅಕ್ಷರಗಳನ್ನು ಒಮ್ಮೆ ನೋಡಿ ಹತ್ತಕ್ಕೆ ಮಲಗಿ. ಬೆಳಗಿನ ಬಸ್ಸಿನಲ್ಲಿ ಪುಸ್ತಕ ತೆರೆಯದೆ, ಒಂದೊಂದು ಪ್ರಶ್ನೆಗೆ ಉತ್ತರದ ಮೊದಲ ಸಾಲನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬನ್ನಿ. ಸಿಕ್ಕಿಕೊಂಡ ಪ್ರಶ್ನೆಯನ್ನು ಮಾತ್ರ ಬಸ್ ಇಳಿದ ಮೇಲೆ ತೆರೆದು ನೋಡಿಕೊಳ್ಳಿ.